ಮಾತ್ರೆ ಬಿಟ್ಟ ಮೇಲೆ: ಒಂದು ಹೆಸರಿನ ಚರಿತ್ರೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ‘ನೀರು ಒಗ್ಗುವುದು’ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಧಾರವಾಡದಿಂದ ಪುಣೆಗೋ ಹಾಸನದಿಂದ ದೆಹಲಿಗೋ ಬಂದ ಮೊದಲ ತಿಂಗಳಲ್ಲಿ ನೆಗಡಿ, ಕೆಮ್ಮು, ಹೊಟ್ಟೆಯ ತೊಂದರೆ ಕಾಣಿಸಿಕೊಂಡಾಗ ಹಿರಿಯರು ಹೇಳುವುದು ಇಷ್ಟೇ: ಇಲ್ಲಿಯ ನೀರು ಇನ್ನೂ ಒಗ್ಗಿಲ್ಲ. ಹತ್ತು ವರ್ಷ ಕಳೆದು ರಜೆಗೆಂದು ಊರಿಗೆ ಹೋದಾಗ ಇದೇ ತಿರುಗುಮುರುಗಾಗುತ್ತದೆ. ಹುಟ್ಟಿದ ಮನೆಯ ಬಾವಿಯ ನೀರೇ ನಾಲ್ಕು ದಿನ ಗಂಟಲು ಕೆಡಿಸುತ್ತದೆ. ಅದನ್ನು ಯಾರೂ ಪುಣೆಯ ನೀರಿನ ಚಟವೆನ್ನುವುದಿಲ್ಲ, ಯಾವುದೋ ಹಳೆಯ ಕಾಯಿಲೆ ಮರಳಿತೆಂದು ಗಾಬರಿಗೊಳ್ಳುವುದೂ ಇಲ್ಲ. ಮೈ ಒಂದಕ್ಕೆ ಒಗ್ಗಿತ್ತು, ಅದು ತಪ್ಪಿದೆ, ಮತ್ತೆ ಹೊಂದಿಕೊಳ್ಳಲು ಕಾಲ ಬೇಕು ಎಂದು ತಿಳಿದು ಸುಮ್ಮನಿರುತ್ತೇವೆ.

ಖಿನ್ನತೆಗೆಂದು ಕೊಡುವ ಮಾತ್ರೆಗಳ ವಿಷಯದಲ್ಲಿ ಇಷ್ಟು ಸರಳವಾದ ತಿಳಿವಳಿಕೆ ವೈದ್ಯಲೋಕದಲ್ಲಿ ನೆಲೆಯೂರಲು ಸುಮಾರು 60 ವರ್ಷಗಳು ಹಿಡಿದವು. ತಿಂಗಳುಗಟ್ಟಲೆ ಅಥವಾ ವರ್ಷಗಟ್ಟಲೆ ತೆಗೆದುಕೊಂಡ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದ ಕೆಲವರಲ್ಲಿ ಎರಡು ಮೂರು ದಿನಗಳೊಳಗೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ಎಚ್ಚರವಾದ ಮೇಲೂ ಬಿಡದ ಕನಸುಗಳು ಶುರುವಾಗುತ್ತವೆ. ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಹೆದರಿಸುವುದು ಮನಸ್ಸಿನ ಏರುಪೇರು: ಕಾರಣವಿಲ್ಲದ ಅಳು, ಸಣ್ಣ ಮಾತಿಗೂ ಸಿಡುಕು, ಕುಳಿತಲ್ಲಿ ಕೂರಲಾಗದ ತಳಮಳ. ಮನೆಯವರು ‘ಕಾಯಿಲೆ ಮತ್ತೆ ಬಂತು’ ಎನ್ನುತ್ತಾರೆ. ಮಾತ್ರೆ ಬಿಟ್ಟವರು ‘ಇದಿಲ್ಲದೆ ನಾನು ಬದುಕಲಾರೆ’ ಎಂದು ತೀರ್ಮಾನಿಸುತ್ತಾರೆ. ಇಬ್ಬರ ಮಾತೂ ತಪ್ಪಾಗಿರಬಹುದು, ಕೆಲವೊಮ್ಮೆ ಸರಿಯಾಗಿರಲೂಬಹುದು. ಯಾವುದು ಎಂದು ತಿಳಿಯುವುದರ ಮೇಲೆ ಒಬ್ಬ ವ್ಯಕ್ತಿಯ ಮುಂದಿನ ವರ್ಷಗಳು ನಿಂತಿರುತ್ತವೆ. ಆದ್ದರಿಂದ ಈ ಸ್ಥಿತಿಯನ್ನು ಯಾರು ಮೊದಲು ಗುರುತಿಸಿದರು, ಅದಕ್ಕೆ ಯಾವ ಹೆಸರು ಕೊಟ್ಟರು, ಆ ಹೆಸರು ಏಕೆ ಬದಲಾಯಿತು ಎಂಬ ಚರಿತ್ರೆ ತಿಳಿಯಲು ಯೋಗ್ಯವಾದುದು.

ಈ ಔಷಧಗಳ ಕಥೆ ಆರಂಭವಾಗುವುದು ಕ್ಷಯರೋಗಿಗಳ ವಾರ್ಡಿನಲ್ಲಿ. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಸೀ ವ್ಯೂ ಆಸ್ಪತ್ರೆಯಲ್ಲಿ ಐಪ್ರೊನಿಯಾಜಿಡ್ ಎಂಬ ಹೊಸ ಔಷಧವನ್ನು ಪಡೆದ ಕ್ಷಯರೋಗಿಗಳು ನಿರೀಕ್ಷೆಗೆ ಮೀರಿ ಲವಲವಿಕೆಯಿಂದ ಓಡಾಡತೊಡಗಿದರು. ಐದು ವರ್ಷಗಳ ನಂತರ ನೇಥನ್ ಕ್ಲೈನ್ ಮತ್ತು ಸಂಗಡಿಗರು ಅದನ್ನು ಖಿನ್ನತೆಗೆ ಬಳಸಿ ನೋಡಿದರು. ಅದೇ ಕಾಲಕ್ಕೆ ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್ಲಿಂಗೆನ್ ಎಂಬ ಸರೋವರದಂಚಿನ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಎಂಬ ವೈದ್ಯ ಬಾಸೆಲ್‌ನ ಗೈಗಿ ಕಂಪನಿ ಕಳುಹಿಸಿದ ಒಂದು ವಸ್ತುವನ್ನು ಪರೀಕ್ಷಿಸುತ್ತಿದ್ದರು. ಅದಕ್ಕಿದ್ದುದು ಬರಿಯ ಒಂದು ಸಂಖ್ಯೆ, ಜಿ 22355. ಚಿತ್ತವಿಕಲತೆಗೆ ಅದು ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ. ತೀವ್ರ ಖಿನ್ನತೆಯಿದ್ದವರಲ್ಲಿ ಮಾತ್ರ ಅಚ್ಚರಿಯ ಬದಲಾವಣೆ ಕಂಡಿತು. 1957ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನ ವಿಶ್ವ ಮನೋವೈದ್ಯ ಸಮ್ಮೇಳನದಲ್ಲಿ ಕೂನ್ ಇದನ್ನು ಮಂಡಿಸಿದಾಗ ಕೇಳಲು ಬಂದವರು ಬೆರಳೆಣಿಕೆಯಷ್ಟು ಜನ. ಮರುವರ್ಷ ಅದು ಇಮಿಪ್ರಮಿನ್ ಎಂಬ ಹೆಸರಿನಲ್ಲಿ, ಟೊಫ್ರಾನಿಲ್ ಮಾತ್ರೆಯಾಗಿ ಮಾರುಕಟ್ಟೆಗೆ ಬಂತು.

ಅಳತೆಪಟ್ಟಿಗಳನ್ನು ನಂಬದೆ ರೋಗಿಯೊಡನೆ ದೀರ್ಘವಾಗಿ ಮಾತನಾಡಿ ತಿಳಿಯುವುದೇ ತನ್ನ ಪದ್ಧತಿಯೆಂದು ಕೂನ್ ಹೇಳಿಕೊಳ್ಳುತ್ತಿದ್ದರು. ಅವರ ಶೋಧಕ್ಕೆ ಆ ತಾಳ್ಮೆಯೇ ಕಾರಣವಿರಬೇಕು. ಆದರೆ ಆ ಆಸ್ಪತ್ರೆಯಲ್ಲಿ ದಶಕಗಳ ಕಾಲ ಹತ್ತಾರು ಹೊಸ ವಸ್ತುಗಳನ್ನು ರೋಗಿಗಳ ಮೇಲೆ ಪ್ರಯೋಗಿಸಲಾಗಿತ್ತು, ಅನೇಕರಿಗೆ ಅದರ ಅರಿವೇ ಇರಲಿಲ್ಲ ಎಂಬುದನ್ನು 2019ರಲ್ಲಿ ಇತಿಹಾಸಕಾರರ ತಂಡವೊಂದು ದಾಖಲೆಗಳಿಂದ ಹೊರತಂದಿತು. ರೋಗಿಯ ಮಾತಿಗೆ ಕಿವಿಗೊಟ್ಟು ಹುಟ್ಟಿದ ಔಷಧ, ರೋಗಿಯನ್ನು ಕೇಳದೆ ನಡೆದ ಪ್ರಯೋಗ, ಎರಡೂ ಒಂದೇ ಮನೆಯವು. ಮುಂದಿನ ಚರಿತ್ರೆಯಲ್ಲೂ ಈ ಎರಡು ಗುಣಗಳು ಜೊತೆಜೊತೆಯಾಗಿ ಸಾಗುತ್ತವೆ.

ಔಷಧ ಮಾರುಕಟ್ಟೆಗೆ ಬಂದ ಮರುವರ್ಷವೇ, 1959ರಲ್ಲಿ, ಅದನ್ನು ನಿಲ್ಲಿಸಿದಾಗ ತೊಂದರೆಯಾಗುತ್ತದೆಂದು ವೈದ್ಯಪತ್ರಿಕೆಗಳಲ್ಲಿ ವರದಿಯಾಯಿತು. 1961ರಲ್ಲಿ ನ್ಯೂಯಾರ್ಕಿನ ಜಾನ್ ಕ್ರೇಮರ್, ಡೊನಾಲ್ಡ್ ಕ್ಲೈನ್ ಮತ್ತು ಮ್ಯಾಕ್ಸ್ ಫಿಂಕ್ ಅಮೆರಿಕದ ಪ್ರಮುಖ ಮನೋವೈದ್ಯ ಪತ್ರಿಕೆಯಲ್ಲಿ ಇದರ ಬಗ್ಗೆಯೇ ಚಿಕ್ಕ ಲೇಖನವೊಂದನ್ನು ಪ್ರಕಟಿಸಿದರು. ವಾಕರಿಕೆ, ತಲೆನೋವು, ತಲೆಸುತ್ತು, ಚಳಿ, ನಿಶ್ಶಕ್ತಿ, ಮೈಕೈನೋವುಗಳನ್ನು ಅವರು ಪಟ್ಟಿಮಾಡಿದರು. ಶೀರ್ಷಿಕೆಯಲ್ಲಿ ಬಳಸಿದ ಪದ ‘ವಿತ್‌ಡ್ರಾಯಲ್’. ಹೆಂಡ, ಅಫೀಮು ಬಿಟ್ಟವರ ಯಾತನೆಗೆ ವೈದ್ಯರು ಬಳಸುತ್ತಿದ್ದ ಪದವೇ ಅದು. ಅಂದರೆ ವಿಷಯವೂ ಗೊತ್ತಿತ್ತು, ಅದಕ್ಕೆ ಹೆಸರೂ ಇತ್ತು.

ಹಾಗಿದ್ದರೂ ಅದು ಮರೆಗೆ ಸರಿಯಿತು. ಕಾರಣಗಳಲ್ಲಿ ಒಂದು ಅಂದಿನ ಸಿದ್ಧಾಂತ. ಅದಕ್ಕೆ ನಮ್ಮ ನೆಲದ ಗಿಡವೊಂದರ ನಂಟೂ ಇದೆ. ಸರ್ಪಗಂಧದ ಬೇರಿನ ಗುಣವನ್ನು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಆಧುನಿಕ ವೈದ್ಯಕ್ಕೆ ಪರಿಚಯಿಸಿದ್ದರು. 1952ರಲ್ಲಿ ಬಾಸೆಲ್‌ನ ಸೀಬಾ ಕಂಪನಿಯವರು ಅದರಿಂದ ರಿಸರ್ಪೀನ್ ಎಂಬ ಸತ್ವವನ್ನು ಬೇರ್ಪಡಿಸಿದರು. ರಕ್ತದೊತ್ತಡಕ್ಕೆಂದು ಇದನ್ನು ಸೇವಿಸಿದ ಕೆಲವರು ಖಿನ್ನರಾದರೆಂಬ ವರದಿಗಳು ಬಂದವು. ರಿಸರ್ಪೀನ್ ಮೆದುಳಿನ ಕೆಲವು ರಾಸಾಯನಿಕಗಳ ದಾಸ್ತಾನನ್ನು ಬರಿದುಮಾಡುತ್ತದೆಂದೂ, ಇಮಿಪ್ರಮಿನ್‌ನಂಥವು ಅದೇ ಬಗೆಯ ರಾಸಾಯನಿಕಗಳ ಪ್ರಭಾವವನ್ನು ಹೆಚ್ಚಿಸುತ್ತವೆಂದೂ ತಿಳಿದುಬಂದಿತು. ಇವನ್ನೆಲ್ಲ ಹೆಣೆದು 1965ರಲ್ಲಿ ಜೋಸೆಫ್ ಶಿಲ್ಡ್‌ಕ್ರಾಟ್ ಮಂಡಿಸಿದ ವಾದ ಬಹುಕಾಲ ನಿಂತಿತು: ಖಿನ್ನತೆಯೆಂದರೆ ಮೆದುಳಿನಲ್ಲಿ ಏನೋ ಕೊರತೆ. ಅದು ಇಷ್ಟು ಸರಳವಲ್ಲವೆಂದು ಇಂದು ತಿಳಿದಿದೆ. ಆದರೆ ಕೊರತೆಯೆಂದು ನಂಬಿದವರಿಗೆ ಮಾತ್ರೆ ಬಿಟ್ಟಾಗಿನ ಅಳುವೂ ತಳಮಳವೂ ಆ ಕೊರತೆ ಮರಳಿ ತಲೆಯೆತ್ತಿದ ಗುರುತಾಗಿ ಕಾಣುವುದು ಸಹಜ. ಔಷಧ ಮತ್ತೆ ಕೊಟ್ಟೊಡನೆ ಅದು ಶಮನವಾದರೆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಮೈ ಒಗ್ಗಿಕೊಂಡಿದ್ದುದರ ಲಕ್ಷಣವೂ ಮಾತ್ರೆಯಿಂದಲೇ ಶಮನವಾಗುತ್ತದೆ ಎಂಬುದು ಆ ತರ್ಕದೊಳಗೆ ಹೊಳೆಯುವುದು ಕಷ್ಟವಾಗಿತ್ತು.

ಇನ್ನೊಂದು ಕಾರಣ ಭಯ. 1960ರ ದಶಕದಿಂದ ಆತಂಕಕ್ಕೂ ನಿದ್ದೆಗೂ ಧಾರಾಳವಾಗಿ ಬರೆದುಕೊಡುತ್ತಿದ್ದ ವೇಲಿಯಂನಂಥ ಮಾತ್ರೆಗಳನ್ನು ಬಿಡುವುದು ಎಷ್ಟು ಕಷ್ಟವೆಂದು 1980ರ ದಶಕದಲ್ಲಿ ಬ್ರಿಟನ್ನಿನ ಮಾಲ್ಕಮ್ ಲೇಡರ್, ಹೆದರ್ ಆಷ್ಟನ್ ಮೊದಲಾದವರು ತೋರಿಸಿಕೊಟ್ಟರು. ಜನ ಬೆಚ್ಚಿದರು. ಖಿನ್ನತೆಯ ಚಿಕಿತ್ಸೆಗೆ ಜನರನ್ನು ಒಲಿಸಲು ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು 1992ರಲ್ಲಿ ಒಂದು ದೊಡ್ಡ ಅಭಿಯಾನ ಹೂಡಿತು. ಅದಕ್ಕೆ ಮುನ್ನ ನಡೆಸಿದ ಜನಾಭಿಪ್ರಾಯ ಸಂಗ್ರಹದಲ್ಲಿ 78% ಮಂದಿ ಖಿನ್ನತೆಯ ಮಾತ್ರೆಗಳು ಚಟ ಹಿಡಿಸುತ್ತವೆ ಎಂದಿದ್ದರು. ತಜ್ಞರಿಗೆ ಇದು ತಿದ್ದಬೇಕಾದ ಅಜ್ಞಾನವಾಗಿ ಕಂಡಿತು. ಚಟ ಹಿಡಿಸುವುದಿಲ್ಲ ಎಂಬ ಮಾತನ್ನು ವೈದ್ಯರು ಜನರಿಗೆ ಮತ್ತೆ ಮತ್ತೆ ಹೇಳಿದರು.

ಅವರ ಮಾತು ಸುಳ್ಳೆನ್ನಲಾಗದು. ಚಟವೆಂದರೆ ಬಯಕೆ, ಇನ್ನಷ್ಟು ಬೇಕೆಂಬ ತುಡಿತ, ಅದಕ್ಕಾಗಿ ಮನೆಮಠ ಮರೆಯುವ ಸ್ಥಿತಿ. ಖಿನ್ನತೆಯ ಮಾತ್ರೆಗಳನ್ನು ಆ ರೀತಿ ಅರಸಿಕೊಂಡು ಹೋಗುವವರಿಲ್ಲ. ಆದರೆ ಮೈ ಒಗ್ಗಿಕೊಳ್ಳುವುದಕ್ಕೆ ಬಯಕೆ ಬೇಕಾಗಿಲ್ಲ. ಸೆರೊಟೋನಿನ್ ಎಂಬ ರಾಸಾಯನಿಕವನ್ನು ನರಕೋಶಗಳು ಮರಳಿ ಹೀರಿಕೊಳ್ಳದಂತೆ ಮಾತ್ರೆ ತಡೆಯುತ್ತದೆ. ವಾರ, ತಿಂಗಳುಗಳು ಕಳೆದಂತೆ ಮೆದುಳು ಆ ಹೊಸ ಸ್ಥಿತಿಗೆ ತಕ್ಕಂತೆ ತನ್ನನ್ನು ತಾನು ಹೊಂದಿಸಿಕೊಳ್ಳುತ್ತದೆ. ತಡೆ ಒಮ್ಮೆಗೇ ಸರಿದರೆ ಹೊಂದಿಕೆ ತಪ್ಪುತ್ತದೆ. ‘ಚಟವೇ?’ ಎಂದು ಜನ ಕೇಳಿದ ಪ್ರಶ್ನೆಯ ಒಳಗೆ ‘ಬಿಡಲು ಕಷ್ಟವಾಗುತ್ತದೆಯೇ?’ ಎಂಬ ಇನ್ನೊಂದು ಪ್ರಶ್ನೆಯಿತ್ತು. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ಎರಡನೆಯದಕ್ಕೂ ಉತ್ತರವೆಂದು ಎಲ್ಲರೂ ಭಾವಿಸಿದರು.

ಆ ಹೊತ್ತಿಗೆ ಹೊಸ ತಲೆಮಾರಿನ ಔಷಧಗಳು ಬಂದಿದ್ದವು. ಇಲೈ ಲಿಲ್ಲಿ ಕಂಪನಿಯ ಫ್ಲೂಯೊಕ್ಸೆಟಿನ್ 1987ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು ಪ್ರೊಜ್ಯಾಕ್ ಎಂಬ ಹೆಸರಿನಲ್ಲಿ ಮನೆಮಾತಾಯಿತು. ಬೆನ್ನಲ್ಲೇ ಸರ್ಟ್ರಾಲಿನ್, ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬಂದವು. ಇವೆಲ್ಲ ಮೈಯಿಂದ ಹೊರಹೋಗುವ ವೇಗ ಒಂದೇ ಅಲ್ಲ. ಫ್ಲೂಯೊಕ್ಸೆಟಿನ್ ಮತ್ತು ಅದರಿಂದ ಮೈಯೊಳಗೆ ಉಂಟಾಗುವ ವಸ್ತು ಪೂರ್ತಿ ಕರಗಲು ವಾರಗಳೇ ಬೇಕು. ಅದು ತಾನಾಗಿಯೇ ನಿಧಾನವಾಗಿ ಇಳಿಯುತ್ತದೆ. ಪ್ಯಾರೊಕ್ಸೆಟಿನ್‌ನ ಅರ್ಧದಷ್ಟು ಸುಮಾರು ಒಂದು ದಿನದಲ್ಲಿ ಖಾಲಿಯಾಗುತ್ತದೆ, ವೆನ್ಲಾಫ್ಯಾಕ್ಸಿನ್‌ನದು ಕೆಲವೇ ಗಂಟೆಗಳಲ್ಲಿ. ಬೇಗ ಇಳಿಯುವ ಔಷಧವನ್ನು ಬಿಟ್ಟವರಿಗೆ ಬಾಧೆ ಹೆಚ್ಚು. ಪ್ಯಾರೊಕ್ಸೆಟಿನ್ ಬಿಟ್ಟವರ ತೊಂದರೆಗಳ ಬಗ್ಗೆ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1993ರಲ್ಲೇ ವೈದ್ಯರನ್ನು ಎಚ್ಚರಿಸಿತ್ತು.

ಹೆಸರು ಬದಲಾದದ್ದು ಈ ಹಂತದಲ್ಲಿ. 1990ರ ದಶಕದ ನಡುವಿನಲ್ಲಿ ಇಲೈ ಲಿಲ್ಲಿಯ ನೆರವಿನಿಂದ ತಜ್ಞರ ಸಭೆಯೊಂದು ಸೇರಿತು. ಅದರ ಲೇಖನಗಳು 1997ರಲ್ಲಿ ಪತ್ರಿಕೆಯೊಂದರ ವಿಶೇಷ ಪುರವಣಿಯಾಗಿ ಹೊರಬಂದವು. ‘ವಿತ್‌ಡ್ರಾಯಲ್’ ಎಂದರೆ ಚಟದ ವಾಸನೆ ಬರುತ್ತದೆಂದು ‘ಡಿಸ್ಕಂಟಿನ್ಯುಯೇಷನ್ ಸಿಂಡ್ರೋಮ್’, ಅಂದರೆ ನಿಲುಗಡೆಯ ಲಕ್ಷಣಕೂಟ, ಎಂಬ ಹೆಸರು ನೆಲೆಗೊಂಡಿತು. ಮಾತು ನಯವಾಯಿತು. ಯಾತನೆ ಕೇಳುವವರ ಕಿವಿಗೆ ಆಡಳಿತದ ವಿಷಯದಂತೆ, ಚಂದಾ ನಿಲ್ಲಿಸಿದಂತೆ ತೋರತೊಡಗಿತು.

ಆದರೂ ಆ ಕಂಪನಿಯ ಹಣದಿಂದ ನಡೆದ ಅಧ್ಯಯನವೊಂದೇ ನಮ್ಮ ವಿಷಯದ ಮೇಲೆ ಬಹಳ ಬೆಳಕು ಚೆಲ್ಲಿತು ಎಂಬುದನ್ನು ಮರೆಯಬಾರದು. 1998ರಲ್ಲಿ ಜೆರಲ್ಡ್ ರೋಸನ್‌ಬಾಮ್ ಮತ್ತು ಸಂಗಡಿಗರು ಖಿನ್ನತೆಯಿಂದ ಗುಣಮುಖರಾಗಿ ಔಷಧ ಮುಂದುವರಿಸುತ್ತಿದ್ದ 242 ಮಂದಿಯನ್ನು ಆರಿಸಿದರು. ಯಾವಾಗ ಎಂದು ಅವರಿಗೆ ತಿಳಿಯದಂತೆ ಐದರಿಂದ ಎಂಟು ದಿನ ಮಾತ್ರೆಯ ಬದಲು ಔಷಧವಿಲ್ಲದ ಹುಸಿಮಾತ್ರೆ ಕೊಟ್ಟರು. ಫ್ಲೂಯೊಕ್ಸೆಟಿನ್ ತೆಗೆದುಕೊಳ್ಳುತ್ತಿದ್ದವರಿಗೆ ಅಷ್ಟೇನೂ ಆಗಲಿಲ್ಲ. ಸರ್ಟ್ರಾಲಿನ್ ಮತ್ತು ಪ್ಯಾರೊಕ್ಸೆಟಿನ್ ತೆಗೆದುಕೊಳ್ಳುತ್ತಿದ್ದ ಅನೇಕರಲ್ಲಿ ಮನಸ್ಸು ಕುಗ್ಗಿತು, ಸಿಡುಕು ಮತ್ತು ಚಡಪಡಿಕೆ ಹೆಚ್ಚಿದವು. ಖಿನ್ನತೆಯನ್ನು ಅಳೆಯುವ ಪಟ್ಟಿಯಲ್ಲೇ ಅಂಕಗಳು ಏರಿದವು. ತನ್ನ ಔಷಧ ಪ್ರತಿಸ್ಪರ್ಧಿಗಳದಕ್ಕಿಂತ ಮೇಲೆಂದು ತೋರಿಸುವುದರಲ್ಲಿ ಕಂಪನಿಗೆ ಲಾಭವಿತ್ತು. ನಮಗೆ ಉಳಿದ ಪಾಠ ಬೇರೆ: ಗುಣವಾಗಿದ್ದ ಮನುಷ್ಯ ಒಂದೇ ವಾರದ ಅಂತರದಲ್ಲಿ ಮತ್ತೆ ಖಿನ್ನನಂತೆ ಕಾಣಬಹುದು, ಮಾತ್ರೆ ಮರಳಿದೊಡನೆ ಸರಿಯಾಗಲೂಬಹುದು. ಅಷ್ಟರಲ್ಲಿ ಯಾರಾದರೂ ‘ಕಾಯಿಲೆ ಮರುಕಳಿಸಿತು’ ಎಂದು ಬರೆದಿಟ್ಟರೆ ಆ ಬರಹ ಅವನನ್ನು ವರ್ಷಗಟ್ಟಲೆ ಹಿಂಬಾಲಿಸುತ್ತದೆ.

ರೋಗಿಗಳ ಮಾತು ದೊಡ್ಡದಾಗಿ ಕೇಳಿಸಿದ್ದು 2002ರ ಅಕ್ಟೋಬರಿನಲ್ಲಿ. ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮ ಪ್ಯಾರೊಕ್ಸೆಟಿನ್ ಬಗ್ಗೆ ಒಂದು ತನಿಖೆಯನ್ನು ಬಿತ್ತರಿಸಿತು. ಪ್ರತಿಕ್ರಿಯೆಯಾಗಿ ವೀಕ್ಷಕರಿಂದ ಬಂದ 1374 ಇಮೇಲ್‌ಗಳನ್ನು ಸಂಶೋಧಕರು ಕುಳಿತು ಓದಿ ವಿಂಗಡಿಸಿದರು. ತಲೆಯೊಳಗೆ ವಿದ್ಯುತ್ತು ಹರಿದಂತಾಗುವ ಅನುಭವವನ್ನು ಒಬ್ಬರನ್ನೊಬ್ಬರು ಅರಿಯದ ಜನ ತಮ್ಮ ತಮ್ಮ ಮಾತಿನಲ್ಲಿ ಬರೆದಿದ್ದರು. ವೈದ್ಯರ ವರದಿಗಳಲ್ಲಿ ‘ಸ್ಪರ್ಶವ್ಯತ್ಯಯ’ ಎಂಬರ್ಥದ ಒಣ ಪದವಾಗಿ ಅಡಗಿದ್ದುದು ಅಲ್ಲಿ ಜೀವಂತವಾಗಿತ್ತು. ಮರುವರ್ಷ ತಯಾರಕರು ಔಷಧದ ಮಾಹಿತಿ ಚೀಟಿಯಿಂದ, ಇದಕ್ಕೆ ಚಟ ಹತ್ತುವುದಿಲ್ಲವೆಂಬ ಅರ್ಥದ ವಾಕ್ಯವನ್ನು ತೆಗೆದುಹಾಕಿದರು.

ಅಧಿಕೃತ ಮಾರ್ಗಸೂಚಿ ಬದಲಾಗಲು ಇನ್ನೂ ಕಾಲ ಹಿಡಿಯಿತು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ನೈಸ್ 2009ರಲ್ಲಿ, ಈ ಲಕ್ಷಣಗಳು ಸಾಮಾನ್ಯವಾಗಿ ಸೌಮ್ಯ, ಸುಮಾರು ಒಂದು ವಾರದಲ್ಲಿ ತಾವಾಗಿ ಹೋಗುತ್ತವೆ, ಥಟ್ಟನೆ ಬಿಟ್ಟರೆ ತೀವ್ರವಾಗಬಹುದು ಎಂದಿತ್ತು. 2018ರಲ್ಲಿ ಜೇಮ್ಸ್ ಡೇವಿಸ್ ಮತ್ತು ಜಾನ್ ರೀಡ್ ತಮಗೆ ಸಿಕ್ಕ ಅಧ್ಯಯನಗಳನ್ನು ಒಟ್ಟುಗೂಡಿಸಿ, ಬಿಡುವವರಲ್ಲಿ ಸರಾಸರಿ 56% ಮಂದಿಗೆ ಬಾಧೆಯಾಗುತ್ತದೆಂದರು. ತೊಂದರೆಯಾದವರೇ ಮುಂದೆ ಬಂದು ಉತ್ತರಿಸುವ ಸಮೀಕ್ಷೆಗಳನ್ನು ಸೇರಿಸಿದ್ದರಿಂದ ಈ ಸಂಖ್ಯೆ ಉಬ್ಬಿದೆಯೆಂದು ವಿಮರ್ಶಕರು ವಾದಿಸಿದರು. ವಾದ ತಣ್ಣಗಾಗುವ ಮುನ್ನವೇ 2019ರ ಮೇ ತಿಂಗಳಲ್ಲಿ ರಾಯಲ್ ಕಾಲೇಜು, ಅಕ್ಟೋಬರಿನಲ್ಲಿ ನೈಸ್ ತಮ್ಮ ನಿಲುವನ್ನು ತಿದ್ದಿಕೊಂಡವು: ಕೆಲವರಲ್ಲಿ ಇದು ತೀವ್ರವಾಗಿಯೂ ದೀರ್ಘವಾಗಿಯೂ ಇರಬಹುದು. 2024ರಲ್ಲಿ ಜರ್ಮನಿಯ ಸಂಶೋಧಕರು 79 ಅಧ್ಯಯನಗಳ 21,002 ಮಂದಿಯ ವಿವರಗಳನ್ನು ಪರಿಶೀಲಿಸಿದಾಗ, ನಿಜವಾದ ಮಾತ್ರೆ ಬಿಟ್ಟವರಲ್ಲಿ 31%, ಹುಸಿಮಾತ್ರೆ ಬಿಟ್ಟವರಲ್ಲೂ 17% ಮಂದಿ ಲಕ್ಷಣಗಳನ್ನು ಹೇಳಿಕೊಂಡದ್ದು ಕಂಡಿತು. ತೀವ್ರವಾಗಿ ಬಳಲಿದವರು ಸುಮಾರು 3%. ಬಹುಮಂದಿಗೆ ಇದು ಧೈರ್ಯ ಕೊಡುವ ಲೆಕ್ಕ. ಆದರೆ ವರ್ಷಗಟ್ಟಲೆ ಸೇವಿಸಿದವರಿಗೆ ಇದು ಎಷ್ಟು ಅನ್ವಯಿಸುತ್ತದೆಂಬ ಚರ್ಚೆ ಮುಗಿದಿಲ್ಲ.

ಹೆಸರಿನ ಜಗಳದ ಆಚೆಗೆ, ಹೇಗೆ ಬಿಡಬೇಕೆಂಬ ಪ್ರಶ್ನೆಗೆ 2019ರಲ್ಲಿ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಒಂದು ಲೆಕ್ಕವನ್ನು ಮುಂದಿಟ್ಟರು. ಹೊರೊವಿಟ್ಜ್ ಸ್ವತಃ ಮನೋವೈದ್ಯ. ತಾನೇ ಮಾತ್ರೆ ಬಿಡಲು ಹೋಗಿ ಬಹಳ ಬಳಲಿದವರು. ಸಿಟಲೋಪ್ರಾಂ ಎಂಬ ಔಷಧದ 20 ಮಿಲಿಗ್ರಾಂ ಮಾತ್ರೆ ಸೆರೊಟೋನಿನ್ ಮರುಹೀರಿಕೆಯ ದಾರಿಗಳಲ್ಲಿ ಸುಮಾರು 80% ಅನ್ನು ಮುಚ್ಚುತ್ತದೆ. ಅರ್ಧಕ್ಕಿಳಿಸಿ 9 ಮಿಲಿಗ್ರಾಂ ಹತ್ತಿರ ಬಂದರೂ ಸುಮಾರು 70% ಮುಚ್ಚಿಯೇ ಇರುತ್ತದೆ. ಒಂದೂವರೆ ಮಿಲಿಗ್ರಾಂನಷ್ಟು ಅಲ್ಪ ಪ್ರಮಾಣವೂ 30% ಹಿಡಿದಿರುತ್ತದೆ. ಬಯಲುಸೀಮೆಯಿಂದ ಕರಾವಳಿಗೆ ಹೋಗುವ ದಾರಿಯನ್ನು ನೆನೆಯಿರಿ. ಮೈಲಿಗಟ್ಟಲೆ ಸಪಾಟಾಗಿ ಸಾಗುವ ರಸ್ತೆ ಆಗುಂಬೆಯ ಅಂಚಿನಲ್ಲಿ ಒಮ್ಮೆಗೇ ಕೆಳಗಿಳಿಯುತ್ತದೆ. ಮೊದಲ ಅರ್ಧ ಮಾತ್ರೆ ಸುಲಭವಾಗಿ ಬಿಟ್ಟಿತೆಂದು ಉಳಿದರ್ಧವನ್ನೂ ಎಸೆದವರು ಘಾಟಿಯ ನೆತ್ತಿಯಿಂದ ಜಿಗಿದಂತಾಗುತ್ತದೆ. ಕೊನೆಯ ಹಂತಗಳನ್ನು ಸಣ್ಣ ಸಣ್ಣ ತಿರುವುಗಳಾಗಿ ಒಡೆದುಕೊಳ್ಳಬೇಕು. ಇದಕ್ಕೆಂದೇ ನೆದರ್ಲೆಂಡ್ಸ್‌ನಲ್ಲಿ ದಿನದಿನಕ್ಕೆ ತುಸುತುಸುವೇ ಇಳಿಯುವ ಮಾತ್ರೆಗಳ ಪಟ್ಟಿಗಳನ್ನು ಸಿದ್ಧಪಡಿಸಿದರು. ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯೂ ಹಂತಹಂತವಾಗಿ ಇಳಿಸಲು ಹೇಳುತ್ತದೆ. ಯಾರಿಗೆ ಎಷ್ಟು ಹಂತ ಎಂಬುದನ್ನು ವೈದ್ಯರೊಡನೆ ಕೂತೇ ತೀರ್ಮಾನಿಸಬೇಕು.

ಇಲ್ಲಿ ಇನ್ನೊಂದು ಬದಿಯನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾದೀತು. ಇಂಗ್ಲೆಂಡಿನಲ್ಲಿ ದೀರ್ಘಕಾಲ ಮಾತ್ರೆ ಸೇವಿಸಿ, ಚೆನ್ನಾಗಿದ್ದು, ಬಿಡಲು ಸಿದ್ಧರಾಗಿದ್ದ 478 ಮಂದಿಯ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ವರ್ಷದೊಳಗೆ, ಮಾತ್ರೆ ಬಿಟ್ಟ ಗುಂಪಿನಲ್ಲಿ 56% ಮಂದಿಗೆ, ಮುಂದುವರಿಸಿದ ಗುಂಪಿನಲ್ಲಿ 39% ಮಂದಿಗೆ ಖಿನ್ನತೆ ಮರುಕಳಿಸಿತು. ಮರುಕಳಿಕೆ ಎಂಬುದು ಕಲ್ಪನೆಯಲ್ಲ. ಅನೇಕರಿಗೆ ಮಾತ್ರೆ ಜೀವ ಉಳಿಸುವ ಆಸರೆ. ಬಿಟ್ಟ ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಮಂದಿ ಆ ವರ್ಷ ಅದಿಲ್ಲದೆಯೂ ಚೆನ್ನಾಗಿದ್ದರು ಎಂಬುದೂ ಅಷ್ಟೇ ನಿಜ. ಬಿಟ್ಟ ಕೆಲವೇ ದಿನಗಳಲ್ಲಿ, ಹಿಂದೆಂದೂ ಇಲ್ಲದ ತಲೆಸುತ್ತು, ವಿದ್ಯುತ್ತಿನ ಅನುಭವಗಳ ಜೊತೆಗೆ ಬಂದ ಅಳು ಸಾಮಾನ್ಯವಾಗಿ ಮೈ ಹೊಂದಿಕೆ ತಪ್ಪಿದ್ದರ ಗುರುತು. ವಾರಗಳು, ತಿಂಗಳುಗಳು ಕಳೆದು ಹಳೆಯ ಹಾದಿಯಲ್ಲೇ ಮೆಲ್ಲನೆ ಕವಿಯುವ ಮಂಕು ಮರುಕಳಿಕೆಯ ಗುರುತು. ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ. ಸಾಯುವ ಯೋಚನೆ ಸುಳಿದರಂತೂ ಯಾವುದರ ಗುರುತೆಂದು ತರ್ಕಿಸುತ್ತ ಕೂರದೆ ಕೂಡಲೇ ವೈದ್ಯರ ಬಳಿ ಹೋಗಬೇಕು.

ಈ ಚರಿತ್ರೆಯ ಬಹುಪಾಲು ನಡೆದದ್ದು ಯೂರೋಪು, ಅಮೆರಿಕಗಳಲ್ಲಿ. ನಮ್ಮ ದೇಶದ ದೊಡ್ಡ ಕೊರತೆ ಇನ್ನೂ ಚಿಕಿತ್ಸೆಯದೇ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20ರಲ್ಲಿ ಒಬ್ಬರು ಬದುಕಿನ ಯಾವುದೋ ಘಟ್ಟದಲ್ಲಿ ಖಿನ್ನತೆಗೆ ಒಳಗಾಗಿದ್ದರು. ಅವರಲ್ಲಿ ಬಹುಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆದ್ದರಿಂದ ಈ ಲೇಖನವನ್ನು ಮಾತ್ರೆಯ ವಿರುದ್ಧದ ವಾದವೆಂದು ಯಾರೂ ಓದಬಾರದು. ಆರಂಭಿಸಲು ಹೆದರುವವರಿಗೂ, ಬಿಡಬಹುದಾದ ದಾರಿ ಇದೆಯೆಂದು ಮೊದಲೇ ಪ್ರಾಮಾಣಿಕವಾಗಿ ಹೇಳಿದರೆ ಧೈರ್ಯ ಬರುತ್ತದೆ.

ನಮ್ಮಂಥ ಹೊರನಾಡಿಗರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ವರ್ಗವಾಗಿ ಊರು ಬದಲಾದಾಗ ಹಳೆಯ ವೈದ್ಯರು ತಪ್ಪುತ್ತಾರೆ, ಮಾತ್ರೆಯ ಸ್ಟ್ರಿಪ್ ಮುಗಿಯುತ್ತದೆ, ‘ಹೇಗೂ ಚೆನ್ನಾಗಿದ್ದೇನಲ್ಲ’ ಎಂದು ನಿಲ್ಲಿಸಿಬಿಡುವುದು ಸುಲಭ. ಆಮೇಲೆ ಹೊಸ ಊರಿನ ವೈದ್ಯರ ಮುಂದೆ ಹಿಂದಿಯಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿಕೊಳ್ಳಬೇಕು. ಬೇಸರ ಬೇರೆ, ತಳಮಳ ಬೇರೆ, ಸಂಕಟ ಬೇರೆ, ಜೀವ ಜುಮ್ಮೆನ್ನುವುದು ಬೇರೆ. ಮನೆಯ ಮಾತಿನಲ್ಲಿ ನಾಲ್ಕಾಗಿರುವುದು ಪರಭಾಷೆಯಲ್ಲಿ ‘ಡಿಪ್ರೆಷನ್’ ಎಂಬ ಒಂದೇ ಪದವಾಗಿ ಇಳಿದರೆ, ಬರೆದುಕೊಳ್ಳುವವರು ಮರುಕಳಿಕೆ ಎಂದು ಬರೆದುಕೊಳ್ಳುವುದರಲ್ಲಿ ತಪ್ಪೇನು? ಆ 1374 ಪತ್ರಗಳು ಕಲಿಸುವುದೂ ಇದನ್ನೇ. ಅನುಭವವನ್ನು ತಮ್ಮ ಮಾತಿನಲ್ಲಿ ಹೇಳಿಕೊಂಡವರಿಂದಲೇ ಶಾಸ್ತ್ರ ಮುಂದೆ ಸರಿಯಿತು.

ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆಯುವ ದೊಡ್ಡ ಪರಂಪರೆಯೇ ಇದೆ. ವೈದ್ಯರೂ ಹಾಸ್ಯಲೇಖಕರೂ ಆಗಿದ್ದ ಎಂ. ಶಿವರಾಂ ಅವರ ‘ಮನಮಂಥನ’ ಮನೋವೈದ್ಯಕ್ಕೆ ಸಂಬಂಧಿಸಿದ ಕೃತಿ. ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಮನೆಮನೆಗಳಲ್ಲಿವೆ. ಚಿಕಿತ್ಸೆ ಆರಂಭಿಸುವ ಮಾತಿನಷ್ಟೇ ವಿಶದವಾಗಿ ಅದನ್ನು ಮುಗಿಸುವ ಮಾತೂ ಈ ಪರಂಪರೆಯಲ್ಲಿ ಬೆಳೆಯಬೇಕು. ಅದಕ್ಕೆ ಹೆಸರನ್ನು ಹೊರಗಿನಿಂದ ತರಬೇಕಾಗಿಲ್ಲ. ಮಾತ್ರೆ ಇಳಿಸಲು ತೊಡಗಿದ ದಿನಾಂಕವನ್ನೂ ಅನಂತರದ ದಿನಗಳ ಅನುಭವವನ್ನೂ ಕನ್ನಡದಲ್ಲೇ ಒಂದು ಹಾಳೆಯಲ್ಲಿ ಗುರುತಿಟ್ಟುಕೊಂಡು ವೈದ್ಯರಿಗೆ ಓದಿ ಹೇಳಬಹುದು. ಊರಿನಿಂದ ಅಮ್ಮ ಫೋನಿನಲ್ಲಿ ‘ಏನಾಯ್ತೋ, ದನಿ ಯಾಕೆ ಹೀಗಿದೆ?’ ಎಂದು ಕೇಳಿದಾಗ, ‘ಮಾತ್ರೆ ಕಡಿಮೆ ಮಾಡ್ತಿದ್ದೀನಮ್ಮ, ಮೈಗೆ ಇನ್ನೂ ಒಗ್ಗಿಲ್ಲ’ ಎಂದರೆ ಸಾಕು. ಆಕೆಗೆ ಅರ್ಥವಾಗುತ್ತದೆ.